ಲೀಲಮ್ಮನ್ನ ಹಿಂದೆ ಹಾಕು

ಏಪ್ರಿಲ್ 10, 2006, ಸೋಮವಾರ
ಮಾಧವರಂ, ಮದ್ರಾಸು

ಮದುವೆಯಲ್ಲಿ ಯಾರೋ ಪುಣ್ಯಾತ್ಮರು ಉಡುಗೊರೆ ಕೊಟ್ಟ ಡೈರಿಗೆ ಇವತ್ತು ಮುಹೂರ್ತ. ನನ್ನ ಹೆಸರು ಮೌನ. ಹುಟ್ಟಿದಾಗ ಅಳಲಿಲ್ಲವೆಂದು ತಾತ ಇಟ್ಟ ಹೆಸರು. ಮಾರನೆಯ ದಿನದಿಂದ ಇಪ್ಪತ್ತನಾಲ್ಕು ವರ್ಷ ನಾನು ಬಾಯಿ ಮುಚ್ಚಿದ್ದಿಲ್ಲ. ಈ ಊರಿಗೆ ಬಂದ ಮೇಲೆ ಮಾತ್ರ ಹೆಸರಿಗೆ ತಕ್ಕವಳಾಗಿದ್ದೇನೆ. ತಮಿಳಿನಲ್ಲಿ ನನಗೆ ಬರುವುದು ‘ತೆರಿಯಾದು’ ಒಂದೇ. ಗೊತ್ತಿಲ್ಲ ಅನ್ನುವುದಷ್ಟೇ ಗೊತ್ತು.

ನನ್ನ ಗಂಡ ತೇಜಸ್ ಹಾಲಿನ ಡೈರಿಗಳಿಗೆ ಕೂಲಿಂಗ್ ಮೆಷಿನ್ ಕೂರಿಸುವ ಕಂಪನಿಯಲ್ಲಿ ಎಂಜಿನಿಯರ್. ಅವನಿಗೊಂದು ಡೈರಿ, ನನಗೊಂದು ಡೈರಿ. ಅವನದ್ದರಲ್ಲಿ ದಿನವಿಡೀ ನಾಲ್ಕು ಡಿಗ್ರಿ, ನನ್ನದು ಬೆವರಿಗೆ ಈಗಲೇ ಅಂಟುತ್ತಿದೆ. ನಿನ್ನೆ ಎರಡು ಗಂಟೆ ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಮೊದಲ ಆಷಾಢಕ್ಕೆ ನಾನು ಹೇಗೂ ತವರಿಗೆ ಹೋಗಬೇಕು. ಅಷ್ಟರಲ್ಲಿ ಈ ಊರು ನನಗೆ ಒಗ್ಗದಿದ್ದರೆ ನಾನು ಮೈಸೂರಿನಿಂದ ವಾಪಸು ಬರುವುದಿಲ್ಲ, ಅವನೇ ಅಲ್ಲಿಗೆ ವರ್ಗ ಕೇಳಬೇಕು. ಕ್ಯಾಲೆಂಡರಿನಲ್ಲಿ ಜೂನ್ 26ಕ್ಕೆ ಕೆಂಪು ಸುತ್ತು ಹಾಕಿದ್ದೇನೆ. ಇನ್ನು ಎಪ್ಪತ್ತೇಳು ದಿನ.

ಏಪ್ರಿಲ್ 17, ಸೋಮವಾರ

ಕೆಲಸ ಸಿಕ್ಕಿತು! ಪುರಸವಾಕ್ಕಂನಲ್ಲಿ ಮದುವೆ ಆಲ್ಬಂ ತಯಾರಿಸುವ ಅಂಗಡಿ. ಯಜಮಾನರ ಹೆಸರು ಕಿಟ್ಟು. ಎಲ್ಲರಿಗೂ ಅವರು ಕಿಟ್ಟು ಮಾಮ, ಅವರ ಹೆಂಡತಿ ಜಯಲಕ್ಷ್ಮೀ ಮಾಮಿ. ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದ ವೈಷ್ಣವರು, ಮನೆಮಾತು ಕನ್ನಡ. ಅದು ಕನ್ನಡವೇ ಎಂದು ಅವರು ಹೇಳಿದರು, ನಾನೂ ನಂಬಿದೆ.

“ಮೈಸೂರಾ? ರೊಂಬ ಸಂತೋಷ. ನಮ್ಮ ಕನ್ನಡ ಕೊಂಜ ಹಳೇದಮ್ಮಾ, ಅಡ್ಜಸ್ಟ್ ಪಣ್ಣಿಕೋ.”

ಪಣ್ಣಿಕೊಳ್ಳುತ್ತೇನೆ, ಬೇರೆ ದಾರಿ ಏನಿದೆ. ಸರಸ್ವತಿಪುರಂನಲ್ಲಿ ಆರು ತಿಂಗಳು ಫೋಟೋಶಾಪ್ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಮಾಮ ಪರೀಕ್ಷೆ ಮಾಡಲು ಒಂದು ಪುಟ ಕೊಟ್ಟರು: ಸ್ವಿಟ್ಜರ್ಲೆಂಡಿನ ಹಿಮ, ಎರಡು ಹಂಸ, ಒಂದು ಜಲಪಾತ, ನಡುವೆ ವಧೂವರರು, ಪಕ್ಕದಲ್ಲಿ ಬರಿಮೈಯ ಪುರೋಹಿತರು. ಪಾಪ, ಆ ಚಳಿಯಲ್ಲಿ. ಒಬ್ಬೊಬ್ಬರೂ ಒಂದೊಂದು ಲೇಯರ್, ಚಿರೋಟಿಯ ಪದರಗಳ ಹಾಗೆ ಒಂದರ ಮೇಲೊಂದು. ಬಲಗಡೆಯ ಪಟ್ಟಿಯಲ್ಲಿ ಯಾರ ಹೆಸರು ಮೇಲಿದೆಯೋ ಅವರು ಚಿತ್ರದಲ್ಲಿ ಮುಂದೆ. ಕೆಳಗಿದ್ದವರು ಮಿಕ್ಕವರ ಹಿಂದೆ. ಹಿಡಿದು ಎಳೆದರೆ ಸಾಕು, ಹುಟ್ಟಾ ಹಿಂದಿದ್ದವರೂ ಮುಂದೆ ಬಂದು ನಿಲ್ಲುತ್ತಾರೆ. ಜೀವನದಲ್ಲಿ ನನಗೆ ಇಷ್ಟು ಅಧಿಕಾರ ಬೇರೆಲ್ಲೂ ಸಿಕ್ಕಿಲ್ಲ.

ಒಂದು ಗಂಟೆಗೆ ಹಸಿವಾಗಿ ಡಬ್ಬಿ ಹೊರತೆಗೆದೆ. ಮಾಮ ತಲೆ ಎತ್ತದೆ, “ಹಿಂದೆ ತಿನ್ನೋಣಮ್ಮಾ,” ಎಂದರು. ಅಂಗಡಿಯ ಹಿಂದಕ್ಕೆ ಹೋದೆ. ಅಲ್ಲೊಂದು ಜನರೇಟರ್, ಒಂದು ತುಳಸಿ ಗಿಡ, ಒಂದು ಬೆಕ್ಕು. ತಿನ್ನೋಣ ಅಂದರಲ್ಲ ಎಂದು ಹದಿನೈದು ನಿಮಿಷ ಕಾದೆ. ಮಾಮ ಬರಲಿಲ್ಲ, ಬೆಕ್ಕು ಬಂತು. ಅದರ ಜೊತೆಗೇ ಉಂಡೆ.

ಏಪ್ರಿಲ್ 26

ಹಿಂದೆ ಉಂಡೆ. ಬೆಕ್ಕಿಗೆ ಮೊಸರನ್ನ ಇಷ್ಟ, ಚಿತ್ರಾನ್ನವೆಂದರೆ ಮೂತಿ ತಿರುಗಿಸುತ್ತದೆ. ಇನ್ನು ಅರವತ್ತೊಂದು ದಿನ.

ಮೇ 4, ಗುರುವಾರ

ಈ ಊರಿನಲ್ಲಿ ಬೇಸಿಗೆಯೊಳಗೆ ಇನ್ನೊಂದು ಬೇಸಿಗೆ ಇಟ್ಟಿದ್ದಾರೆ. ಅದಕ್ಕೆ ಕತ್ತಿರಿ ಎಂದು ಹೆಸರು, ಇವತ್ತಿನಿಂದ ಶುರು. ಇಪ್ಪತ್ತೈದು ದಿನ ಇರುತ್ತದೆಂದು ಮಾಮಿ ಹಬ್ಬದ ಸುದ್ದಿ ಹೇಳುವ ಹಾಗೆ ಹೇಳಿದರು.

ದೊಡ್ಡ ಆಲ್ಬಂ ಒಂದು ನನ್ನ ಪಾಲಿಗೆ ಬಂದಿದೆ. ಫೆಬ್ರವರಿಯಲ್ಲಿ ಆದ ಮದುವೆ, ಹುಡುಗ ಪ್ರಮೋದ, ಹುಡುಗಿ ಅಕ್ಷಯಾ. ನಾನೂರ ಹನ್ನೆರಡು ಫೋಟೋ. ಮುನ್ನೂರರಲ್ಲಿ ಒಬ್ಬರೇ ಇದ್ದಾರೆ, ಹುಡುಗನ ಚಿಕ್ಕಪ್ಪ ಪದ್ಮನಾಭ. ನಾಂದಿಗೆ ಅವರೇ, ವರಪೂಜೆಗೆ ಅವರೇ, ಐಸ್‌ಕ್ರೀಮ್ ಕೌಂಟರಿನಲ್ಲೂ ಅವರೇ. ಹುಡುಗನ ತಂದೆ ಇಲ್ಲವಂತೆ, ಆದ್ದರಿಂದ ತಂದೆತಾಯಿಯ ಜಾಗದಲ್ಲಿ ಇವರೂ ಇವರ ಹೆಂಡತಿಯೂ ಕೂತು ಎಲ್ಲ ಮಾಡಿಸಿದ್ದಾರೆ. ಮಾಮ ಹೇಳಿದ ಪ್ರಕಾರ, ಯಾವುದೋ ಕನ್ನಡ ಸಂಘಕ್ಕೆ ಇಪ್ಪತ್ತು ವರ್ಷ ಕಾರ್ಯದರ್ಶಿಯಾಗಿದ್ದವರು. ಪ್ರತಿ ನವೆಂಬರಿನಲ್ಲಿ ಶುದ್ಧ ಕನ್ನಡದ ಮೇಲೆ ಭಾಷಣವಂತೆ.

ಮೊದಲ ಪುಟವೇ ಕಷ್ಟ. ವಧೂವರರು ನಡುವೆ, ಸುತ್ತ ಹಿರಿಯರೆಲ್ಲ ಬರಬೇಕು. ಒಟ್ಟು ಹದಿನಾರು ಲೇಯರ್. ಗುರುತಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟುಕೊಂಡಿದ್ದೇನೆ: ‘ಬೊಕ್ಕ ತಲೆ’, ‘ಹಸಿರು ರೇಷ್ಮೆ’, ‘ಮೂಗುಬೊಟ್ಟು’. ಚಿಕ್ಕಪ್ಪನ ಲೇಯರಿಗೆ ‘ದೊಡ್ಡ ಹೊಟ್ಟೆ’.

ಮಾಮ ಉಪನಯನಕ್ಕೆಂದು ಕುಂಭಕೋಣಕ್ಕೆ ಹೊರಟಿದ್ದರು. ಚಪ್ಪಲಿ ಹಾಕಿಕೊಳ್ಳುತ್ತಾ ಪರದೆಯ ಮೇಲೆ ಬೆರಳಿಟ್ಟು ಒಬ್ಬ ಹೆಂಗಸನ್ನು ತೋರಿಸಿದರು. ಕಂಬದ ಮರೆಯಲ್ಲಿ ನಿಂತ ತೆಳ್ಳನೆಯ ಹೆಂಗಸು, ಕನ್ನಡಕ, ಬರಿ ಹಣೆ.

“ಈ ಲೀಲಮ್ಮನ್ನ ಹಿಂದೆ ಹಾಕು. ಬಾಕಿ ಎಲ್ಲ ಸೆರಿಯಾಗಿದೆ. ಮುಗಿಸಿ ಪ್ರಿಂಟಿಗೆ ಕಳಿಸು.”

ಹಾಗೇ ಮಾಡಿದೆ. ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ, ಹಿನ್ನೆಲೆಗೆ ಹಾಕಿದ ತಾವರೆ ಕೊಳಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ. ‘ದೊಡ್ಡ ಹೊಟ್ಟೆ’ಯ ಹೆಗಲಿಗೂ ಹಸಿರು ರೇಷ್ಮೆಗೂ ನಡುವೆ ಅರ್ಧ ಕನ್ನಡಕ ಮಾತ್ರ ಕಾಣುತ್ತದೆ. ಯಾರೋ ದೂರದ ಅತ್ತೆ ಇರಬೇಕು. ಇನ್ನು ಐವತ್ತಮೂರು ದಿನ.

ಮೇ 11, ಗುರುವಾರ

ಬರೆಯಲು ನಾಚಿಕೆಯಾಗುತ್ತಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಆ ಕನ್ನಡಕದ ಹೆಂಗಸೇ ಅಂಗಡಿಗೆ ಬಂದರು. “ಆಲ್ಬಂ ರೆಡಿಯಾ? ನಾನು ಪ್ರಮೋದನ ತಾಯಿ,” ಎಂದರು.

ತಾಯಿ! ನನ್ನ ಕೈ ತಣ್ಣಗಾಯಿತು. ಈ ಊರಿಗೆ ಬಂದಾಗಿನಿಂದ ಏನೂ ತಣ್ಣಗಾಗಿರಲಿಲ್ಲ. ಜಯಲಕ್ಷ್ಮೀ ಮಾಮಿಗೆ ಏನೂ ಗೊತ್ತಿಲ್ಲ, ನಗುತ್ತಾ ಡಬ್ಬದಿಂದ ಆಲ್ಬಂ ತೆಗೆದುಕೊಟ್ಟರು. ಲೀಲಮ್ಮ ಮೊದಲ ಪುಟ ತೆರೆದರು. ಬೆರಳಿನಲ್ಲಿ ಎಲ್ಲರ ಮುಖ ಸವರುತ್ತಾ ಬಂದು ಆ ಅರ್ಧ ಕನ್ನಡಕದ ಹತ್ತಿರ ನಿಲ್ಲಿಸಿದರು. ಅದು ತಮ್ಮದೇ ಎಂದು ಖಚಿತವಾಗುವವರೆಗೆ ನೋಡಿದರು.

“ಇದು ಯಾರು ಮಾಡಿದ್ದು?”

“ನಾನಮ್ಮಾ.”

“ಸರಿಯಾಗೇ ಮಾಡಿದ್ದೀ. ಮದುವೇಲೂ ನಾನು ಅಲ್ಲೇ ನಿಂತಿದ್ದೆ.”

ಸಿಟ್ಟಿಲ್ಲ, ವ್ಯಂಗ್ಯವೂ ಇಲ್ಲ. ಗ್ಯಾಸ್ ಸಿಲಿಂಡರ್ ಬಂತು ಅನ್ನುವ ಹಾಗೆ ಹೇಳಿ ಆಲ್ಬಂ ಮುಚ್ಚಿ ಮೇಜಿನ ಮೇಲಿಟ್ಟು ಹೋದರು. ಅವರು ಹೋದ ಮೇಲೆ ನಾನೂರ ಹನ್ನೆರಡು ಫೋಟೋಗಳನ್ನೂ ಮತ್ತೆ ನೋಡಿದೆ. ಆರರಲ್ಲಿ ಮಾತ್ರ ಇದ್ದಾರೆ. ಆರರಲ್ಲೂ ಅಂಚಿನಲ್ಲಿ ಅಥವಾ ಕಂಬದ ಮರೆಯಲ್ಲಿ. ಮಗನ ಮದುವೆ ಅವರದು! ಗಂಡ ಸತ್ತದ್ದು ಅವರ ತಪ್ಪೇ? ನಮ್ಮ ಮೈಸೂರಿನಲ್ಲೂ ಸರೋಜತ್ತೆ ಯಾವ ಮದುವೆಯ ಫೋಟೋದಲ್ಲೂ ಇಲ್ಲ. ಯಾಕೆ ಎಂದು ನಾನು ಯಾವತ್ತೂ ಕೇಳಿಲ್ಲ. ಬಸ್ಸಿನಲ್ಲಿ ಅಳು ಬಂತು. ಪಕ್ಕದ ಹೂವಾಡಗಿತ್ತಿ ನನ್ನ ಮಡಿಲಿಗೆ ಒಂದು ಮೊಳ ಮಲ್ಲಿಗೆ ಹಾಕಿ ಏನೋ ಅಂದಳು. ತೆರಿಯಾದು.

ಮೇ 12, ಶುಕ್ರವಾರ

ಮಾಮ ಕುಂಭಕೋಣದಿಂದ ಬಂದರು, ಆಲ್ಬಂ ನೋಡಿದರು, ತಲೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯಯ್ಯೋ! ಲೀಲಮ್ಮನ್ನ ಹಿಂದೆ ಹಾಕು ಅಂತ ಹೇಳಿದೆನಲ್ಲಮ್ಮಾ!”

“ಹಿಂದೇನೇ ಹಾಕಿದೀನಲ್ಲ ಮಾಮ!”

“ಎಲ್ಲಿ ಹಿಂದೆ ಹಾಕಿದ್ದೀ? ಈಗಲೇ ಹಾಕಿಬಿಟ್ಟಿದ್ದೀಯಲ್ಲ!”

“ಇನ್ನೂ ಎಷ್ಟು ಹಿಂದೆ ಹಾಕಲಿ? ಅವರ ಹಿಂದೆ ತಾವರೆ ಕೊಳ ಬಿಟ್ರೆ ಏನೂ ಇಲ್ಲ!”

ಹತ್ತು ನಿಮಿಷ ಹೀಗೇ ಕಿರುಚಾಡಿದೆವು, ಇಬ್ಬರದೂ ಒಂದೇ ಮಾತು. ಕೊನೆಗೆ ಮಾಮಿ ಕಾಫಿ ಲೋಟ ಕುಕ್ಕಿ, “ಇರೀಪ್ಪಾ! ಅವಳ ಹಿಂದೆ ಬೇರೆ, ನಿಮ್ಮ ಹಿಂದೆ ಬೇರೆ,” ಎಂದರು.

ಆಮೇಲೆ ಬಿಡಿಸಿ ಹೇಳಿದರು. ತಮಿಳಿನಲ್ಲಿ ಮುನ್ನಾಡಿ ಎಂದರೆ ಮುಂಭಾಗವೂ ಹೌದು, ಮೊದಲು ಎಂದೂ ಹೌದು. ಪಿನ್ನಾಡಿ ಎಂದರೆ ಹಿಂಭಾಗ, ಆಮೇಲೆ ಎಂದೂ ಅರ್ಥ. ಇವರ ಮನೆಯ ಕನ್ನಡದಲ್ಲೂ ಅದೇ ಲೆಕ್ಕ: ಮುಂದೆ ಎಂದರೆ ಮೊದಲು, ಹಿಂದೆ ಎಂದರೆ ಆಮೇಲೆ. ನಮಗೆ ಪೂರ್ತಿ ಉಲ್ಟಾ, ಹಿಂದೆ ಎಂದರೆ ಆಗಿಹೋದದ್ದು, ಮುಂದೆ ಎಂದರೆ ಇನ್ನು ಬರುವುದು. ಮಾಮ ಹೇಳಿದ್ದು ಇಷ್ಟೇ: ಲೀಲಮ್ಮನದು ಒಳ್ಳೆಯ ಫೋಟೋ ಒಂದೂ ಇಲ್ಲ, ಅಂಗಡಿಗೆ ಕರೆಸಿ ತೆಗೆಯೋಣ, ಅವರನ್ನು ಆಮೇಲೆ ಹಾಕು. ಬಾಕಿ ಪುಟಗಳನ್ನು ಮಾತ್ರ ಪ್ರಿಂಟಿಗೆ ಕಳಿಸು.

“ಹಾಗಾದ್ರೆ ಹಿಂದೆ ತಿನ್ನೋಣ ಅಂದಿದ್ದು...”

“ಹಿಂದೆ ತಿನ್ನೋಣ ಅಂದರೆ ಹಿಂದೆ ತಿನ್ನೋಣ! ನಾವು ಕಾದುಕೊಂಡು ಕೂತಿರುತ್ತೀವಿ, ನೀನು ಜನರೇಟರ್ ಹತ್ತಿರ ಓಡಿಹೋಗ್ತೀ. ಮೈಸೂರಿನವರಿಗೆ ಮಡಿ ಜಾಸ್ತಿ ಅಂತ ನಾವೂ ಸುಮ್ಮನೆ ಇದ್ದುಬಿಟ್ಟೆವು,” ಎಂದರು ಮಾಮ.

ಇಪ್ಪತ್ತಾರು ದಿನ ನಾನು ಬೆಕ್ಕಿನ ಜೊತೆ ಉಂಡಿದ್ದೇನೆ.

ಮೇ 16, ಮಂಗಳವಾರ

ಲೀಲಮ್ಮನನ್ನು ಕರೆತರಲು ನಾನೇ ಅವರ ಮನೆಗೆ ಹೋದೆ. ಕ್ಷಮಿಸಿ ಎನ್ನಲು ದಾರಿಯುದ್ದಕ್ಕೂ ಒಂದು ಭಾಷಣ ಬಾಯಿಪಾಠ ಮಾಡಿದ್ದೆ. ಹಿಂದೆ, ಪಿನ್ನಾಡಿ ಎಂದು ಶುರು ಮಾಡುತ್ತಲೇ ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲು ಶುರು ಮಾಡಿದರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದರಂತೆ. “ಇವರನ್ನ ಅವರಿಗೆ ಸೇರಿಸಬೇಕು, ನಾನು ಮರೆಯಾಗಬೇಕು. ಅದೇ ರೂಲು. ಆ ಅಭ್ಯಾಸಕ್ಕೆ ಕಂಬದ ಹಿಂದೆ ನಿಲ್ಲೋದು ಅಷ್ಟೇನೂ ಕಷ್ಟವಾಗಲಿಲ್ಲ,” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಸುಳ್ಳು ಹೇಳಿದೆ. ಕಷ್ಟವೇ ಆಯ್ತು,” ಎಂದರು.

ಮಾಮ ನೀಲಿ ಪರದೆಯ ಮುಂದೆ ನಿಲ್ಲಿಸಿ ಹದಿನಾಲ್ಕು ಫೋಟೋ ತೆಗೆದರು. ಹದಿಮೂರರಲ್ಲಿ ಅವರು ತಾವಾಗಿಯೇ ಒಂದು ಪಕ್ಕಕ್ಕೆ ಸರಿದಿದ್ದಾರೆ, ಪಕ್ಕದಲ್ಲಿ ಯಾರೂ ಇರಲಿಲ್ಲ. ಹದಿನಾಲ್ಕನೆಯದಕ್ಕೆ ನಾನು, “ಅಮ್ಮಾ, ಜನರೇಟರ್ ಹತ್ತಿರ ಊಟಕ್ಕೆ ಬರ್ತೀರಾ?” ಎಂದೆ. ಬಾಯ್ತುಂಬ ನಕ್ಕರು. ಅದೇ ಸಿಕ್ಕಿತು.

ಅವರ ಲೇಯರಿಗೆ ‘ಲೀಲಮ್ಮ’ ಎಂದೇ ಹೆಸರಿಟ್ಟೆ. ಹಿಡಿದು ಪಟ್ಟಿಯ ತುದಿಗೆ ಎಳೆದೆ. ಮಗ ಸೊಸೆಯ ಪಕ್ಕದಲ್ಲಿ, ಎಲ್ಲರಿಗಿಂತ ಮುಂದೆ.

ಮೇ 22, ಸೋಮವಾರ

ಪ್ರೂಫ್ ನೋಡಲು ಪದ್ಮನಾಭ ಅವರೇ ದಯಮಾಡಿಸಿದರು. ಹಳೆಯ ಪುಟವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಹೊಸದರಲ್ಲಿ ಲೀಲಮ್ಮನ ಸೀರೆಯ ಮರೆಗೆ ಇವರ ಹೊಟ್ಟೆ ಅರ್ಧ ಹೋಗಿದೆ. ಕನ್ನಡಿಯಲ್ಲಿ ಸಿಗದ ಭಾಗ್ಯ, ಆದರೆ ಕೃತಜ್ಞತೆ ಕಾಣಲಿಲ್ಲ.

“ಮನ್ನಿ ಮೇಲೆ ನನಗೆ ಮರ್ಯಾದೆ ಇಲ್ಲ ಅಂತ ಅಲ್ಲ ಕಿಟ್ಟು,” ಎಂದರು. ಅತ್ತಿಗೆಗೆ ಮನ್ನಿ, ಈ ಶುದ್ಧ ಕನ್ನಡದವರಿಗೆ. “ಆದರೆ ಮಂಗಳ ಕಾರ್ಯದ ಆಲ್ಬಂ. ತೆರೆದ ಕೂಡಲೇ ಅವರ ಮುಖವಾ? ನಾಲ್ಕು ಜನ ಏನು ಹೇಳ್ತಾರೆ?”

ಆ ನಾಲ್ಕು ಜನರನ್ನು ಹಿಡಿದು ತಾವರೆ ಕೊಳಕ್ಕೆ ತಳ್ಳಬೇಕು ಅನ್ನಿಸಿತು. ಬಾಯಿ ತೆರೆದೆ, ಮಾಮ ಕಣ್ಣಿನಲ್ಲೇ ತಡೆದರು. ಅಷ್ಟರಲ್ಲಿ ಪದ್ಮನಾಭರ ದೃಷ್ಟಿ ನನ್ನ ಪರದೆಯ ಮೇಲೆ ಬಿತ್ತು.

“ಅದೇನು, ದೊಡ್ಡ ಹೊಟ್ಟೆ?”

“ಗಣೇಶ, ಸಾರ್. ಮೊದಲ ಪುಟಕ್ಕೆ.”

“ಒಳ್ಳೇದು.” ಜೇಬಿನಿಂದ ಕೆಂಪು ಪೆನ್ನು ತೆಗೆದರು. “ಬಾಯಲ್ಲಿ ಹೇಳಿದರೆ ನೀವು ಮತ್ತೆ ಕೊಳಂಬಿಕೊಂಡು ಗಲಿಬಿಲಿ ಮಾಡ್ತೀರಿ. ಬರೆದೇ ಕೊಡ್ತೀನಿ.” ಪ್ರೂಫಿನ ಅಂಚಿನಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಲೀಲಮ್ಮನವರು ಮುಂದೆ ಇದ್ದ ಹಾಗೇ ಇರಲಿ.’ ಕೆಳಗೆ ಸಹಿ, ತಾರೀಖು.

ಅವರು ಹೋದ ಮೇಲೆ ಆ ಸಾಲನ್ನು ಮೂರು ಸಲ ಓದಿದೆ. ಅವರ ಅರ್ಥದಲ್ಲಿ, ಮೊದಲು ಇದ್ದ ಹಾಗೆ, ಅರ್ಧ ಕನ್ನಡಕವಾಗಿ. ನನ್ನ ಅರ್ಥದಲ್ಲಿ... ಮಾಮನ ಮುಖ ನೋಡಿದೆ. ಅವರೂ ಕಾಗದವನ್ನೇ ನೋಡುತ್ತಿದ್ದರು. ಪದ್ಮನಾಭ ಎಂದರೆ ಮಾಮನ ನಲವತ್ತು ವರ್ಷದ ಸ್ನೇಹಿತರು, ಅರ್ಧ ಗಿರಾಕಿಗಳು ಅವರ ಕಡೆಯಿಂದಲೇ ಬರುವವರು.

“ಏನ್ ಮಾಡ್ಲಿ ಮಾಮ?”

ಮಾಮ ಕಾಗದವನ್ನು ನನ್ನ ಕಡೆ ಸರಿಸಿದರು. “ನೀನು ಮೈಸೂರಿನವಳು. ಕನ್ನಡ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕಾಗದದಲ್ಲಿ ಇರುವ ಹಾಗೆ ಮಾಡು,” ಎಂದು ಕಾಫಿಗೆ ಎದ್ದುಹೋದರು.

ನಾನು ಏನನ್ನೂ ಮುಟ್ಟದೆ ಪ್ರಿಂಟಿಗೆ ಕಳಿಸಿದೆ.

ಮೇ 31

ನಿದ್ದೆ ಇಲ್ಲ. ಕೆಲಸ ಹೋದರೆ? ಹೋಗಲಿ ಬಿಡು ಎಂದು ತೇಜಸ್ ಅಂದ, ಹೇಗೂ ಆಷಾಢಕ್ಕೆ ಹೋಗುವವಳಲ್ಲವೇ ಅಂದ. ಅವನ ಮೇಲೆ ರೇಗಿದೆ. ಯಾಕೆ ಎಂದು ಅವನಿಗೂ ತಿಳಿಯಲಿಲ್ಲ, ನನಗೂ.

ಜೂನ್ 3, ಶನಿವಾರ

ಪದ್ಮನಾಭ ಆಲ್ಬಂ ಹೊತ್ತುಕೊಂಡು ಬಂದರು, ಹಿಂದೆ ಪ್ರಮೋದ. ಮದುಮಗನ ಪೇಟವಿಲ್ಲದೆ ಹುಡುಗನ ಗುರುತು ಸಿಗಲಿಲ್ಲ.

“ನಾನು ಏನು ಬರೆದೆ, ಈ ಹುಡುಗಿ ಏನು ಮಾಡಿದಾಳೆ?”

ಪ್ರೂಫ್ ತಂದು ಗಟ್ಟಿಯಾಗಿ ಓದಿದೆ. “ಲೀಲಮ್ಮನವರು ಮುಂದೆ ಇದ್ದ ಹಾಗೇ ಇರಲಿ. ಮುಂದೇನೇ ಇದಾರಲ್ಲ ಸಾರ್.”

“ಮುಂದೆ ಅಂದರೆ ಮುನ್ನಾಡಿ! ಮುನ್ನಾಡಿ ಇದ್ದ ಹಾಗೆ!”

“ಅದು ತಮಿಳಲ್ವಾ ಸಾರ್? ನೀವು ಕನ್ನಡದಲ್ಲಿ ಬರೆದಿದೀರಿ ಅಂದ್ಕೊಂಡೆ.”

ಮಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಪದ್ಮನಾಭ ಮಾಮನ ಕಡೆ ತಿರುಗಿದರು. “ಕಿಟ್ಟು, ನೀನು ಹೇಳು. ನಮ್ಮ ಕನ್ನಡದಲ್ಲಿ ಮುಂದೆ ಅಂದರೆ ಏನು?”

ಮಾಮ ಕನ್ನಡಕ ಸರಿಮಾಡಿಕೊಂಡು ಕಾಗದವನ್ನು ದೂರ ಹಿಡಿದು ನೋಡಿದರು. “ನೀನು ಸಂಘದ ಕಾರ್ಯದರ್ಶಿಯಪ್ಪಾ. ನೀನು ಬರೆದಿದ್ದು ಶುದ್ಧವಾಗೇ ಇದೆ. ನನ್ನ ಬಾಯಿಂದ ತಪ್ಪು ಅಂತ ಹೇಳಿಸಬೇಡ.”

ಪದ್ಮನಾಭರ ಮುಂದೆ ಇದ್ದದ್ದು ಎರಡೇ ದಾರಿ. ತಾವು ಬರೆದದ್ದು ತಮಿಳು ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ ಅತ್ತಿಗೆಯನ್ನು ಮುಂದೆ ನಿಲ್ಲಲು ಬಿಡಬೇಕು. ಅವರು ಲೆಕ್ಕ ಹಾಕುವುದು ಮುಖದ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಪ್ರಮೋದ ಆಲ್ಬಂ ತೆರೆದು ಅಮ್ಮನ ಮುಖ ನೋಡುತ್ತಾ ನಿಂತವನು, “ಇಪ್ಪಡಿಯೇ ಇರುಕಟ್ಟುಂ ಚಿತ್ತಪ್ಪಾ,” ಎಂದ. ಹೀಗೇ ಇರಲಿ ಎಂದು. ಮದುವೆಯ ದಿನವೇ ಈ ಮಾತು ಆಡಲು ನಿನಗೇನಾಗಿತ್ತು ಮಾರಾಯ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಪುಣ್ಯಕ್ಕೆ ಈಗಲಾದರೂ ಆಡಿದ.

ಪದ್ಮನಾಭ ಸಹಿ ಮಾಡಿದ ಪ್ರೂಫನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು. “ಬರೆದದ್ದು ಬರೆದಾಯ್ತು. ಭಾಷೆ ಭಾಷೆಯೇ,” ಎಂದು ಗಂಭೀರವಾಗಿ ಹೇಳಿ ಹೊರಟರು. ಬಾಗಿಲಲ್ಲಿ ನಿಂತು, “ಆ ಗಣೇಶ ಎಲ್ಲಿ? ಮೊದಲ ಪುಟದಲ್ಲಿ ಕಾಣಲಿಲ್ಲವಲ್ಲ,” ಎಂದರು.

“ಲೀಲಮ್ಮನವರ ಹಿಂದೆ ಇದ್ದಾರೆ ಸಾರ್,” ಎಂದೆ.

ಜೂನ್ 10

ಲೀಲಮ್ಮ ಗೊಜ್ಜವಲಕ್ಕಿ ಮಾಡಿಕೊಂಡು ಬಂದಿದ್ದರು. ಆಲ್ಬಂ ಚೀಲದಲ್ಲೇ ಇತ್ತು, ನೆಂಟರಿಷ್ಟರಿಗೆಲ್ಲ ತೋರಿಸಿಕೊಂಡು ತಿರುಗುತ್ತಿದ್ದಾರಂತೆ. ಮೊದಲ ಪುಟ ತೆರೆದು ಮತ್ತೆ ನೋಡಿದರು.

“ನಾನು ಇಷ್ಟು ಉದ್ದ ಇದೀನಾ?”

“ಇದೀರಮ್ಮಾ.”

ಅರ್ಧ ಇಂಚು ನಾನು ಎಳೆದದ್ದು. ಹೇಳಲಿಲ್ಲ. ಎಲ್ಲರೂ ಒಟ್ಟಿಗೆ ಎರಡು ಗಂಟೆಗೆ ಉಂಡೆವು. ಬೆಕ್ಕು ಹಿತ್ತಲ ಬಾಗಿಲಲ್ಲಿ ಕೂತು ನನ್ನನ್ನು ಬೈಯುತ್ತಿತ್ತು.

ಜೂನ್ 25, ಭಾನುವಾರ

ಕ್ಯಾಲೆಂಡರಿನ ಕೆಂಪು ಸುತ್ತು ತೇಜಸನ ಕಣ್ಣಿಗೆ ಬಿತ್ತು. “ನಾಳೆ ಆಷಾಢ. ಟಿಕೆಟ್ ಮಾಡ್ಸೇ ಇಲ್ವಲ್ಲೇ?” ಎಂದ. ಅಯ್ಯೋ, ಇವತ್ತೇ ಅಮಾವಾಸ್ಯೆಯೇ! ಆದರೆ ಇಲ್ಲಿಯ ಲೆಕ್ಕದಲ್ಲಿ ಆಷಾಢ ಇನ್ನೂ ಬಂದೇ ಇಲ್ಲ, ಆಡಿ ತಿಂಗಳು ಶುರುವಾಗುವುದು ಜುಲೈ ಹದಿನೇಳಕ್ಕೆ. ಅಲ್ಲಿಯವರೆಗೆ ಮದುವೆಗಳು ನಡೆಯುತ್ತವೆ, ಮೂರು ಆಲ್ಬಂ ಬಾಕಿ ಇವೆ. ಒಂದರಲ್ಲಿ ವರನ ಅಜ್ಜಿ ಎಲ್ಲೂ ಕಾಣುತ್ತಿಲ್ಲ, ಹುಡುಕಬೇಕು. ಲೀಲಮ್ಮ ಬುಧವಾರದಿಂದ ತಮಿಳು ಅಕ್ಷರ ಕಲಿಸುತ್ತೇನೆ ಎಂದಿದ್ದಾರೆ.

ಸಂಜೆ ಅಮ್ಮ ಫೋನ್ ಮಾಡಿದಳು.

“ನಾಳೆ ಯಾವ ಟ್ರೈನಿಗೆ ಹೊರಡ್ತೀಯೇ?”

“ನಾಳೆ ಇಲ್ಲಮ್ಮಾ. ಕೆಲಸ ಇದೆ. ಹಿಂದೆ ಬರ್ತೀನಿ.”

“ಹಿಂದೆ ಬರ್ತೀಯಾ? ಹಿಂದೆ ಯಾಕೆ ಬರಬೇಕೇ, ನಿನಗೇನು ಗ್ರಹಚಾರ? ಮುಂಬಾಗಿಲಿಂದಾನೇ ಬಾ!”

“ಹಿಂದೆ ಅಮ್ಮಾ, ಹಿಂದೆ!”

ಮೂರು ಸಲ ಹೇಳಿದರೂ ತಿಳಿಯಲಿಲ್ಲ. ಅಮ್ಮನಿಗೆ ಈಚೆಗೆ ಕಿವಿ ಮಂದವಾಗಿದೆ. ಮೈಸೂರಿಗೆ ಹೋದಾಗ ಡಾಕ್ಟರಿಗೆ ತೋರಿಸಬೇಕು. ಯಾವಾಗ ಹೋಗುವುದು ಎಂಬುದನ್ನು ಹಿಂದೆ ನೋಡೋಣ.